ಎಡಗೈ

ನನ್ನ ಎಡಗೈ ಮಾರಾಟಕ್ಕಿಲ್ಲ,
ಆದರ ಕಪಡಾ ಬಜಾರಿಗಿ ಬರೋ ಅರ್ಧ ಹೆಂಗಸರು
ಅದರ ಮ್ಯಾಲ ತಮ್ಮ ತುಟಿ ಹುಡುಕ್ಯಾರ.

ಮುಂಜಾನಿ ಹತ್ತಕ್ಕ ಶಟರ್ ಏರಸ್ತಾರ ಭಂವರಲಾಲ್ ಸೇಠ.
ಊದಿನಕಡ್ಡಿ ಹಚ್ಚಿ, ಗಲ್ಲಾಕ್ಕ ಕೈಮುಗದು,
ನನ್ನ ಕಡಿ ತಿರುಗಿ 'ಕೈ ತೊಳ್ಕೊಂಡಿ ಏನವಾ?' ಅಂತಾರ.
ತೊಳ್ಕೊಂಡೀನಿ. ಸ್ಪಿರಿಟ್ ಹಚ್ಚಿ ಒರಸೀನಿ.
ಮೊಣಕೈತನಕ ಖಾಲಿ ಇದ್ದೀನಿ.

ಹನ್ನೆರಡರೊಳಗ ಆರು ಗೆರಿ.
ಮದವಿ ಸೀಜನ್ನಿನಾಗ ಇಪ್ಪತ್ತು.
ಅಫಜಲಪುರದ ಬೀಗತಿ ಬರ್ತಾಳ, ಆಳಂದದ ನಾದಿನಿ ಬರ್ತಾಳ,
ಬುರ್ಖಾದ ತೋಳು ಒಂದು ಬೆರಳಷ್ಟು ಸರಸಿ
ತಸ್ಲೀಮ್ ಬಾನು ಕೇಳ್ತಾಳ:
'ಇದು ಸುಲಿತದಾ? ವಜೂ ಮಾಡಬೇಕಂದ್ರ
ಉಗುರಿಗಿ ನೀರು ಮುಟ್ಟಬೇಕು.'
ಸುಲಿತದ. ನಾನೇ ಸುಲದು ತೋರಸ್ತೀನಿ.
ಮಳಿಹುಳದ ರೆಕ್ಕಿಯಂಗ ಕೌಂಟರಿನ ಮ್ಯಾಲ
ಬೀಳ್ತದ ಒಂದು ಗುಲಾಬಿ ಉಗುರು.

ಕಂಪನಿ ಇಟ್ಟ ಹೆಸರು ಡಬ್ಬಿ ತಳಗ ಸಣ್ಣ ಅಕ್ಷರದಾಗ ಅವ.
ನಮಗ ನಾಲಿಗಿ ಹೊಳ್ಳಂಗಿಲ್ಲ.
ನಾನು, ಜೋಡಿ ಕೆಲಸದ ಕಸ್ತೂರಿ, ಬ್ಯಾರೆ ಇಟ್ಟೀವಿ:
ಕಮಲಾಪುರದ ಬಾಳಿಸಿಪ್ಪಿ, ಹಳೀ ಹುಣಸಿ,
ಮಳಿ ಬಿದ್ದ ಫರಸಿ, ತೊಗರಿ ಹೂವು,
ಮತ್ತ ಇನ್ನೊಂದು, 'ಅತ್ತಿ ಬ್ಯಾಡಂತಾಳ'.
ಅದೇ ಭಾಳ ಖರ್ಚಾಗ್ತದ.

'ನ್ಯೂಡ್' ಅಂತ ಒಂದದ.
ಅಂದ್ರೇನು ಅಂತ ಕೇಳಿದ್ದಕ್ಕ ಕಂಪನಿ ಹುಡುಗ ನಾಚಗೊಂಡು
'ಮೈಬಣ್ಣ ಮೇಡಂ, ಮೈಬಣ್ಣ' ಅಂದ.
ಹಚ್ಚಿ ನೋಡಿದೆ.
ಎಮ್ಮಿ ಮ್ಯಾಲ ಹಾಲು ಚೆಲ್ಲಿದಂಗ ಕಂಡ್ತು.
ಯಾರ ಮೈ ಅಂತ ಕೇಳಬೇಕಂತಿದ್ದೆ,
ಅಷ್ಟರಾಗ ಅಂವ ಬೈಕ್ ಹತ್ತಿದ.

ಗಿರಾಕಿ ಅಂತಾರ: 'ನಿನ್ನ ಕೈ ಮ್ಯಾಲ ಬಣ್ಣ ತಿಳಿಯಂಗಿಲ್ಲ ಬಿಡವಾ,
ಆ ಇನ್ನೊಬ್ಬಾಕಿಗಿ ಕರಿ.'
ಇನ್ನೊಬ್ಬಾಕಿ ಊಟಕ್ಕ ಹೋಗ್ಯಾಳ.
ನಗ್ತೀನಿ. ಪಗಾರದಾಗ ಅದೂ ಸೇರ್ಯದ.

ಮೇ ತಿಂಗಳದಾಗ ಲಿಪ್‌ಸ್ಟಿಕ್ ಎಲ್ಲಾ ಫ್ರಿಜ್ಜಿನಾಗ,
ಸೇಠರ ಮಜ್ಜಗಿ ಬಾಟ್ಲಿ ಬಾಜೂಕ.
ಅಂಥಾದೊಂದು ಮಧ್ಯಾಹ್ನ, ರೋಡಿನ ಮ್ಯಾಲ ನಾಯಿ ಸೈತ ಇಲ್ಲ,
ಒಬ್ಬಾಕಿ ಬಂದಳು. ಕೊರಳಾಗ ಅಂಗನವಾಡಿ ಕಾರ್ಡು:
ಜಗದೇವಿ, ನರೋಣಾ.
ಕೈ ತಂದು ಕೌಂಟರಿನ ಮ್ಯಾಲ ಇಟ್ಟಳು.
ನಾಕು ಬೆರಳು ಜೋಳದ ಹಿಟ್ಟಿನಂಗ ಬೆಳ್ಳಗ,
ಹೆಬ್ಬೆಟ್ಟು, ಮುಂಗೈ ನನ್ನಂಗ.
ನಡುವಿನ ಗಡಿ ವಾಕಡಿ,
ಸರ್ವೇದವರು ಅಳೀದೇ ಬಿಟ್ಟ ಬದುವಿನಂಗ.

ಕ್ರೀಮಿನ ಶೀಶೆ ಹಿಡಕೊಂಡು ನಿಂತೆ.
ಯಾವ ಕಡಿಗಿ ಹೊಂದಸಲಿ, ತಿಳೀವಲ್ದು.
'ಡಾಕ್ಟರಗ ತೋರ್ಸೀರಿ?' ಬಾಯಿತನಕ ಬಂದದ್ದು ನುಂಗಿದೆ.
ಆಕಿನೇ ನಕ್ಕಳು:
'ಮೂರನೇ ನಂಬರ್ ಇತ್ತ, ಏಳನೇ ನಂಬರ್ ಅತ್ತ,
ಎರಡು ತಗೊಂಡ್ರ ಎಷ್ಟು ಬಿಡ್ತೀರಿ?
ಹನ್ನೆರಡು ವರ್ಷ ಮೆತ್ತಿ ನೋಡೀನಿ ತಂಗಿ.
ಬ್ಯಾಸಿಗ್ಯಾಗ ಗೋಡಿ ಸುಣ್ಣದಂಗ ಇಳಿತದ.
ಅದು ಬ್ಯಾಡ. ಉಗುರಿಂದು ತೋರ್ಸು.'

ಬಾಳಿಸಿಪ್ಪಿ ತಗದು, ದಿನಾದಂಗ, ನನ್ನ ಕೈ ಮುಂದ ಮಾಡಿದೆ.
'ನಿಂದ್ಯಾಕ?' ಅಂದಳು. 'ಹಚ್ಚಕೊಳ್ಳಾಕಿ ನಾನು.'
ಬೆಳ್ಳಗಿನ ಬೆರಳಿಗಿ ಎರಡು, ಕರೀ ಹೆಬ್ಬೆಟ್ಟಿಗಿ ಒಂದು.
ಊದಿದಳು. ಬಾಗಲಿಗಿ ಹೋಗಿ ಬಿಸಿಲಿಗಿ ಹಿಡದಳು.
ಹುಡುಗುರು ಕೇಳ್ತಾವಂತ:
ಟೀಚರ್, ನಿಮ್ಮ ಕೈ ಮ್ಯಾಲ ಯಾವ ದೇಶದ ನಕ್ಷಾ?
ದಿನಕ್ಕೊಂದು ದೇಶದ ಹೆಸರು ಹೇಳ್ತಾಳಂತ.
ಎಂಬತ್ತು ರೂಪಾಯಿ. ಚಿಲ್ಲರ ಎಣಸಿ ಕೊಟ್ಟು
ಬಸ್ಸಿಗಿ ಹೋದಳು.

ರಾತ್ರಿ ಒಂಬತ್ತಕ್ಕ ಶಟರ್ ಇಳೀತು.
ಕೊಬ್ಬರಿ ಎಣ್ಣಿ ಹಚ್ಚಿ ನಳದ ತಳಗ ತಿಕ್ಕಿದೆ.
ಯಾರದೋ ಮದವಿ, ಯಾರದೋ ಕುಬಸ
ಕೆಂಪಗ ಹರದು ಮೋರಿ ಸೇರ್ತು.

ಆಟೋದಾಗ ಕುಂತ ಮ್ಯಾಲ ಕಂಡ್ತು:
ಮೊಣಕೈ ಹತ್ರ ಒಂದು ಗೆರಿ ಉಳದದ.
ಯಾವ ಗಿರಾಕಿದು, ಯಾವ ಹೆಸರಿಂದು, ನೆನಪಿಲ್ಲ.
ಬೀದಿದೀಪ ಬಂದಾಗೊಮ್ಮೆ ಹೊಳ್ಳಿಸಿ ನೋಡಿದೆ.
ಛಲೋನೇ ಕಾಣಲಾಕತ್ತಿತ್ತು.